ಲಾ ಸ್ಕೂಲಿಗೆ ಮುಂಚಿನ ನಾಲ್ಕು ವರ್ಷ: ಅಮೆರಿಕದ ಕಾಲೇಜಿನಲ್ಲಿ ಮೇಜರ್ ಮತ್ತು ಮೈನರ್ ಆರಿಸಿಕೊಳ್ಳುವ ಬಗೆ

ಕರ್ನಾಟಕದಲ್ಲಿ ವಕೀಲರಾಗಬಯಸುವವರಿಗೆ ಎರಡು ದಾರಿಗಳಿವೆ. ಪಿಯುಸಿ ಮುಗಿದೊಡನೆ ಬಿಎ ಎಲ್‌ಎಲ್‌ಬಿಯಂಥ ಐದು ವರ್ಷದ ಕೋರ್ಸಿಗೆ ಸೇರಬಹುದು, ಇಲ್ಲವೇ ಯಾವುದಾದರೊಂದು ಪದವಿ ಪಡೆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಓದಬಹುದು. ಅಮೆರಿಕದಲ್ಲಿರುವುದು ಬಹುಮಟ್ಟಿಗೆ ಎರಡನೆಯ ದಾರಿ ಮಾತ್ರ. ಹೈಸ್ಕೂಲ್ ಮುಗಿಸಿದ ವಿದ್ಯಾರ್ಥಿ ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ ಪಡೆಯಬೇಕು. ಅದಾದ ಮೇಲೆ ಲಾ ಸ್ಕೂಲಿನಲ್ಲಿ ಮೂರು ವರ್ಷ ಓದಿ ಜೆಡಿ ಎಂಬ ಕಾನೂನು ಪದವಿ ಗಳಿಸಬೇಕು. ಎರಡನ್ನೂ ಹೆಣೆದು ಆರೇ ವರ್ಷಗಳಲ್ಲಿ ಮುಗಿಸಲು ಅವಕಾಶ ಕೊಡುವ ಕೆಲವು ಕಾಲೇಜುಗಳಿದ್ದರೂ ಹೆಚ್ಚಿನವರು ಹಿಡಿಯುವುದು ಏಳು ವರ್ಷದ ದಾರಿಯನ್ನೇ.

ಹಾಗಾಗಿ ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ನೆಲೆಸಿದ ಕನ್ನಡ ಕುಟುಂಬದ ಮಗಳು ತಾನು ಲಾಯರ್ ಆಗುತ್ತೇನೆಂದು ಹೇಳಿದ ದಿನ ಮನೆಯಲ್ಲಿ ಒಂದು ಗೊಂದಲ ಹುಟ್ಟುತ್ತದೆ. ಎಂಜಿನಿಯರಿಂಗ್ ಮತ್ತು ವೈದ್ಯಕೀಯದ ಮೆಟ್ಟಿಲುಗಳು ತಂದೆತಾಯಿಗೆ ಗೊತ್ತಿರುತ್ತವೆ. ಕಾನೂನಿನ ಮೆಟ್ಟಿಲುಗಳು ಗೊತ್ತಿರುವುದಿಲ್ಲ. ರಾಜ್ಯಶಾಸ್ತ್ರ ಓದದಿದ್ದರೆ ಸೀಟು ಸಿಗುವುದಿಲ್ಲವೆಂದು ಒಬ್ಬರು ಹೇಳಿದರೆ, ಎಂಜಿನಿಯರಿಂಗ್ ಓದಿ ಕೈಗೊಂದು ಭದ್ರತೆ ಮಾಡಿಕೊಂಡು ಆಮೇಲೆ ಕಾನೂನಿನ ಯೋಚನೆ ಮಾಡಲಿ ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಎರಡು ಸಲಹೆಗಳನ್ನೂ ಕಣ್ಣುಮುಚ್ಚಿ ಒಪ್ಪಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ತಾನು ಮನಸ್ಸಿಟ್ಟು ಓದಿ, ಬರೆದು, ಒಳ್ಳೆಯ ಅಂಕ ಗಳಿಸಬಲ್ಲ ವಿಷಯವನ್ನು ವಿದ್ಯಾರ್ಥಿ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಆಗಿ ತೆಗೆದುಕೊಳ್ಳಬೇಕು. ಆ ಮೇಜರ್ ಕಲಿಸದೆ ಬಿಟ್ಟದ್ದನ್ನು ಕಲಿಸುವ ವಿಷಯ ಮೈನರ್, ಅಂದರೆ ಜೊತೆಗೆ ಓದುವ ಕಿರು ವಿಷಯ, ಆಗಬೇಕು. ಇದನ್ನು ಕಾರ್ಯರೂಪಕ್ಕೆ ತರುವ ಹೆಜ್ಜೆಗಳನ್ನು ಮುಂದೆ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ನಿಯಮದಲ್ಲಿ ಇರುವುದನ್ನೂ ಇಲ್ಲದ್ದನ್ನೂ ತಿಳಿಯಿರಿ

ಅಮೆರಿಕದ ಲಾ ಸ್ಕೂಲುಗಳಿಗೆ ಮಾನ್ಯತೆ ಕೊಡುವುದು ಅಮೆರಿಕನ್ ಬಾರ್ ಅಸೋಸಿಯೇಷನ್. ಲಾ ಸ್ಕೂಲಿಗೆ ಸೇರಲು ಇಂಥದ್ದೇ ವಿಷಯ ಓದಿರಬೇಕೆಂದು ಆ ಸಂಸ್ಥೆ ಎಲ್ಲಿಯೂ ವಿಧಿಸಿಲ್ಲ. ಯಾವುದೇ ಮೇಜರನ್ನು ಶಿಫಾರಸು ಮಾಡುವುದಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿದೆ. ಅದು ವಿದ್ಯಾರ್ಥಿಗಳಲ್ಲಿ ನೋಡಬಯಸುವುದು ಕೆಲವು ಸಾಮರ್ಥ್ಯಗಳನ್ನು: ಜಟಿಲವಾದ ಬರಹವನ್ನು ವಿಮರ್ಶೆಯ ಕಣ್ಣಿನಿಂದ ಓದುವುದು, ಸಮಸ್ಯೆಯನ್ನು ಬಿಡಿಸಿ ನೋಡುವುದು, ಸ್ಪಷ್ಟವಾಗಿ ಬರೆಯುವುದು ಮತ್ತು ಬರೆದದ್ದನ್ನು ತಿದ್ದುವುದು, ಮಾತನಾಡುವುದು, ಇನ್ನೊಬ್ಬರ ಮಾತನ್ನು ಗಮನವಿಟ್ಟು ಕೇಳುವುದು, ಆಕರಗಳನ್ನು ಹುಡುಕಿ ತೆಗೆಯುವುದು. ಇವು ಒಂದೇ ಒಂದು ವಿಭಾಗದ ಸೊತ್ತಲ್ಲ.

ಪ್ರಿ-ಲಾ ಎಂಬ ಮಾತಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಬಹಳಷ್ಟು ಕಾಲೇಜುಗಳಲ್ಲಿ ಅದು ಮೇಜರ್ ಅಲ್ಲ. ಲಾ ಸ್ಕೂಲಿಗೆ ಹೋಗಬಯಸುವವರಿಗೆ ಸಲಹೆ ಕೊಡಲು ಇರುವ ಒಂದು ವ್ಯವಸ್ಥೆ. ಭೌತಶಾಸ್ತ್ರದ ವಿದ್ಯಾರ್ಥಿಯೂ ಪ್ರಿ-ಲಾ ಅಡ್ವೈಸರ್ ಬಳಿ ಹೋಗಬಹುದು, ಸಂಗೀತದ ವಿದ್ಯಾರ್ಥಿಯೂ ಹೋಗಬಹುದು. ಮೊದಲ ಸೆಮಿಸ್ಟರಿನಲ್ಲೇ ಅವರನ್ನು ಒಮ್ಮೆ ಕಂಡು ಬಂದರೆ ಒಳ್ಳೆಯದು.

ದೊಡ್ಡ ನ್ಯಾಯಾಧೀಶರು, ವಕೀಲರು ಪದವಿಯಲ್ಲಿ ಏನು ಓದಿದ್ದರೆಂದು ನೋಡಿದರೂ ಇದೇ ಕಾಣುತ್ತದೆ. ಅಮೆರಿಕದ ಸುಪ್ರೀಂ ಕೋರ್ಟಿನ ಸೋನಿಯಾ ಸೊಟೊಮೇಯರ್, ಎಲೆನಾ ಕೇಗನ್, ಜಾನ್ ರಾಬರ್ಟ್ಸ್ ಇತಿಹಾಸದ ವಿದ್ಯಾರ್ಥಿಗಳಾಗಿದ್ದರು. ಕ್ಲಾರೆನ್ಸ್ ಥಾಮಸ್ ಓದಿದ್ದು ಇಂಗ್ಲಿಷ್. ಏಮಿ ಕೋನಿ ಬ್ಯಾರೆಟ್ ಅವರದು ಇಂಗ್ಲಿಷ್ ಸಾಹಿತ್ಯದ ಮೇಜರ್, ಫ್ರೆಂಚ್ ಮೈನರ್. ಹಿಂದಿನ ತಲೆಮಾರಿನ ಹ್ಯಾರಿ ಬ್ಲ್ಯಾಕ್‌ಮನ್ ಹಾರ್ವರ್ಡ್‌ನಲ್ಲಿ ಓದಿದ್ದು ಗಣಿತ. ದಿವಾಳಿ ಕಾನೂನಿನ ಪ್ರಾಧ್ಯಾಪಕಿಯಾಗಿ ಹೆಸರಾಗಿ, ಅನಂತರ ಸೆನೆಟರ್ ಆದ ಎಲಿಜಬೆತ್ ವಾರನ್ ಅವರ ಮೊದಲ ಪದವಿ ಮಾತಿನ ದೋಷಗಳ ಚಿಕಿತ್ಸೆಗೆ ಸಂಬಂಧಿಸಿದ್ದು. ನಮ್ಮವರಿಗೆ ಹೆಚ್ಚು ಹತ್ತಿರದ ಉದಾಹರಣೆ ಬೇಕೆಂದರೆ, ಡಾ. ಬಿ.ಆರ್. ಅಂಬೇಡ್ಕರ್ ಅವರು 1915ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಎಂಎ ಪಡೆದದ್ದು ಅರ್ಥಶಾಸ್ತ್ರದಲ್ಲಿ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದದ್ದು ಆಮೇಲೆ.

ಎರಡನೆಯ ಹೆಜ್ಜೆ: ಅಂಕಗಳ ಲೆಕ್ಕವನ್ನು ಮೊದಲ ವರ್ಷದಲ್ಲೇ ಅರ್ಥಮಾಡಿಕೊಳ್ಳಿ

ಈ ವಿಷಯದಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ಏಕೆಂದರೆ ಬಹಳಷ್ಟು ವಿದ್ಯಾರ್ಥಿಗಳಿಗೆ ಇದು ತಿಳಿಯುವುದು ಮೂರನೆಯ ವರ್ಷದಲ್ಲಿ, ಸರಿಪಡಿಸಿಕೊಳ್ಳುವ ಕಾಲ ಮೀರಿದ ಮೇಲೆ.

ಲಾ ಸ್ಕೂಲಿನ ಅರ್ಜಿಗಳು ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್, ಅಂದರೆ ಎಲ್ಲರ ಬಾಯಲ್ಲಿ ಎಲ್‌ಸ್ಯಾಕ್ ಎನಿಸಿಕೊಂಡಿರುವ ಸಂಸ್ಥೆಯ ಮೂಲಕ ಹೋಗುತ್ತವೆ. ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್ ನಡೆಸುವುದೂ ಇದೇ ಸಂಸ್ಥೆ. ಕಾಲೇಜು ಕೊಟ್ಟ ಜಿಪಿಎಯನ್ನು, ಅಂದರೆ ಗ್ರೇಡುಗಳ ಸರಾಸರಿಯನ್ನು, ಅದು ಹಾಗೆಯೇ ಮುಂದಕ್ಕೆ ಕಳಿಸುವುದಿಲ್ಲ. ವಿದ್ಯಾರ್ಥಿ ಓದಿದ ಎಲ್ಲ ಕಾಲೇಜುಗಳ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ತರಿಸಿಕೊಂಡು ತನ್ನದೇ ನಿಯಮದಂತೆ ಹೊಸದಾಗಿ ಲೆಕ್ಕ ಹಾಕುತ್ತದೆ. ಎ ಪ್ಲಸ್‌ಗೆ 4.33, ಎ ಗೆ 4.00, ಎ ಮೈನಸ್‌ಗೆ 3.67, ಬಿ ಪ್ಲಸ್‌ಗೆ 3.33 ಹೀಗೆ ಅದರ ಅಳತೆಗೋಲು. ಮೊದಲ ಪದವಿ ಕೈಸೇರುವ ತನಕ ಓದಿದ ಕಾಲೇಜು ಮಟ್ಟದ ಕೋರ್ಸುಗಳೆಲ್ಲ ಈ ಲೆಕ್ಕದೊಳಗೆ ಬರುತ್ತವೆ. ಅದಾದ ಮೇಲೆ ಮಾಡಿದ ಸ್ನಾತಕೋತ್ತರ ಪದವಿಯಲ್ಲಿ ಎಷ್ಟೇ ಒಳ್ಳೆಯ ಅಂಕ ಬಂದಿದ್ದರೂ ಅದು ಈ ಸಂಖ್ಯೆಯನ್ನು ಮೇಲೆತ್ತುವುದಿಲ್ಲ.

ಇದರಿಂದ ಹೈಸ್ಕೂಲಿನ ಮಕ್ಕಳಿಗೂ ಒಂದು ಎಚ್ಚರಿಕೆ ಸಲ್ಲುತ್ತದೆ. ಹನ್ನೊಂದನೆಯ ತರಗತಿಯಲ್ಲಿದ್ದಾಗ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ತೆಗೆದುಕೊಂಡ ಕೋರ್ಸು ಕಾಲೇಜಿನ ಕೋರ್ಸೇ ಆದ್ದರಿಂದ, ಅಲ್ಲಿ ಬಂದ ಸಿ ಗ್ರೇಡು ನಾಲ್ಕೈದು ವರ್ಷಗಳ ನಂತರ ಲಾ ಸ್ಕೂಲಿನ ಅರ್ಜಿಯಲ್ಲಿ ಬಂದು ಕೂರುತ್ತದೆ. ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಎಪಿ ಪರೀಕ್ಷೆಯ ಮೂಲಕ ಸಿಕ್ಕ ಕ್ರೆಡಿಟ್ಟುಗಳಿಗೆ ಕಾಲೇಜಿನ ಗ್ರೇಡು ಇರುವುದಿಲ್ಲ, ಆದ್ದರಿಂದ ಅವು ಜಿಪಿಎಯನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ನಮ್ಮ ಮನೆಗಳಲ್ಲಿ ಮಕ್ಕಳನ್ನು ಎಷ್ಟು ಬೇಗ ಎಷ್ಟು ಕಾಲೇಜು ಕೋರ್ಸುಗಳಿಗೆ ಸೇರಿಸಿದರೂ ಲಾಭವೇ ಎಂಬ ನಂಬಿಕೆ ಇದೆ. ಕಾನೂನಿನ ಕಡೆ ಒಲವಿರುವ ಮಗುವಿನ ವಿಷಯದಲ್ಲಿ ಅದು ನಷ್ಟಕ್ಕೂ ಕಾರಣವಾಗಬಹುದು.

ಇನ್ನೊಂದು ಗುಂಡಿ ಇರುವುದು ಮತ್ತೆ ತೆಗೆದುಕೊಂಡ ಕೋರ್ಸುಗಳಲ್ಲಿ. ನಾಲ್ಕು ಕ್ರೆಡಿಟ್ಟಿನ ರಸಾಯನಶಾಸ್ತ್ರದಲ್ಲಿ ಮೊದಲ ಸಲ ಸಿ ಬಂದು, ಮತ್ತೆ ಓದಿ ಎ ಗಳಿಸಿದ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಿ. ಹಳೆಯ ಗ್ರೇಡನ್ನು ಅವನ ಕಾಲೇಜು ಲೆಕ್ಕದಿಂದ ತೆಗೆದುಹಾಕಿದರೆ ಆ ಕೋರ್ಸಿನಲ್ಲಿ ಅವನ ಅಂಕ 4.00. ಆದರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಎರಡೂ ಗ್ರೇಡುಗಳು ಕಾಣುತ್ತಿದ್ದರೆ ಎಲ್‌ಸ್ಯಾಕ್ ಎರಡನ್ನೂ ಸೇರಿಸುತ್ತದೆ. ಎಂಟು ಕ್ರೆಡಿಟ್ಟಿಗೆ ಸರಾಸರಿ 3.00 ಆಗುತ್ತದೆ. ಪಾಸ್-ಫೇಲ್ ಆಧಾರದ ಮೇಲೆ ತೆಗೆದುಕೊಂಡು ಪಾಸಾದ ಕೋರ್ಸು ಲೆಕ್ಕಕ್ಕೆ ಬರುವುದಿಲ್ಲ, ಫೇಲಾದರೆ ಸೊನ್ನೆಯಾಗಿ ಬರುತ್ತದೆ. ದಂಡನೆಯ ಸ್ವರೂಪದ್ದಲ್ಲದ ಹಿಂತೆಗೆತ, ಅಂದರೆ ಕಾಲೇಜು ಕೊಟ್ಟ ಗಡುವಿನೊಳಗೆ ಕೋರ್ಸು ಬಿಟ್ಟದ್ದು, ಜಿಪಿಎಗೆ ತಾಕುವುದಿಲ್ಲ. ಆದ್ದರಿಂದ ತನಗೆ ಒಗ್ಗದ ಕೋರ್ಸಿನಲ್ಲಿ ಹಟ ಹಿಡಿದು ಕೂತು ಸಿ ಪಡೆಯುವುದಕ್ಕಿಂತ ಗಡುವಿನೊಳಗೆ ಬಿಡುವುದು ಜಾಣತನ, ಅದು ಪದೇಪದೇ ಆಗದಿದ್ದರೆ.

ಈ ಸಂಖ್ಯೆಗೆ ಇಷ್ಟು ಮಹತ್ವ ಬಂದದ್ದಕ್ಕೆ ಕಾರಣವಿದೆ. ಬಾರ್ ಅಸೋಸಿಯೇಷನ್ನಿನ 509ನೇ ಮಾನದಂಡದ ಪ್ರಕಾರ ಪ್ರತಿ ಲಾ ಸ್ಕೂಲೂ ತಾನು ಸೇರಿಸಿಕೊಂಡ ವಿದ್ಯಾರ್ಥಿಗಳ ಎಲ್‌ಸ್ಯಾಟ್ ಮತ್ತು ಜಿಪಿಎಗಳ ನಡುಮಟ್ಟವನ್ನೂ (ಮೀಡಿಯನ್), 25 ಹಾಗೂ 75ನೇ ಪರ್ಸೆಂಟೈಲುಗಳನ್ನೂ ವರ್ಷ ವರ್ಷ ಬಹಿರಂಗಪಡಿಸಬೇಕು. ಯೇಲ್, ಹಾರ್ವರ್ಡ್‌ನಂಥ ಕಡೆ ಈ ನಡುಮಟ್ಟದ ಜಿಪಿಎ 3.9ನ್ನೂ ದಾಟಿದೆ. ವಿದ್ಯಾರ್ಥಿಗಳು ಓದಿದ ಮೇಜರುಗಳ ಕಷ್ಟವನ್ನು ಅಳೆದು ಹೇಳುವ ಅಂಕಣ ಆ ವರದಿಯಲ್ಲಿ ಇಲ್ಲ. ಪ್ರವೇಶ ಸಮಿತಿಯವರು ಟ್ರಾನ್ಸ್‌ಕ್ರಿಪ್ಟನ್ನು ಓದುತ್ತಾರೆ, ಕಠಿಣ ಕೋರ್ಸುಗಳನ್ನು ಗುರುತಿಸುತ್ತಾರೆ, ಅದೇ ಕಾಲೇಜಿನ ಉಳಿದ ಅರ್ಜಿದಾರರ ನಡುವೆ ಈ ವಿದ್ಯಾರ್ಥಿ ಎಲ್ಲಿ ನಿಲ್ಲುತ್ತಾನೆಂಬ ಮಾಹಿತಿಯೂ ಅವರಿಗೆ ಸಿಗುತ್ತದೆ. ಹಾಗಿದ್ದರೂ ಎಂಜಿನಿಯರಿಂಗ್‌ನ 3.3ನ್ನು ಇತಿಹಾಸದ 3.9ಕ್ಕೆ ಸಮವೆಂದು ಎಣಿಸುವಷ್ಟು ರಿಯಾಯಿತಿ ಸಿಗುತ್ತದೆಂದು ನಂಬಿ ಕೂರುವುದು ಅಪಾಯಕಾರಿ. ವಿದ್ಯಾರ್ಥಿವೇತನದ ಮೊತ್ತವೂ ಇವೇ ಎರಡು ಸಂಖ್ಯೆಗಳನ್ನು ಅವಲಂಬಿಸಿರುವುದು ಹೆಚ್ಚು.

ತಾವು ಆಸೆಪಟ್ಟ ಐದಾರು ಲಾ ಸ್ಕೂಲುಗಳ 509 ವರದಿಯನ್ನು ತೆರೆದು, ಆ ನಡುಮಟ್ಟದ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳುವುದನ್ನು ಈ ಹೆಜ್ಜೆಯ ಕೆಲಸವೆಂದು ಭಾವಿಸಿರಿ.

ಮೂರನೆಯ ಹೆಜ್ಜೆ: ಮೂರು ಸೆಮಿಸ್ಟರುಗಳಲ್ಲಿ ವಿಷಯಗಳನ್ನು ಪರೀಕ್ಷಿಸಿ ನೋಡಿ

ಅಮೆರಿಕದ ಬಹುತೇಕ ಕಾಲೇಜುಗಳಲ್ಲಿ ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಮೇಜರ್ ಘೋಷಿಸಿದರೆ ಸಾಕು. ಎಂಜಿನಿಯರಿಂಗ್, ನರ್ಸಿಂಗ್, ಕೆಲವೆಡೆ ಬಿಸಿನೆಸ್ ಇವುಗಳಿಗೆ ಮಾತ್ರ ಮೊದಲ ವರ್ಷದಿಂದಲೇ ಸೇರಿರಬೇಕಾಗುತ್ತದೆ. ಕೈಗೆ ಸಿಕ್ಕ ಈ ಕಾಲಾವಕಾಶ ದೊಡ್ಡ ವರ. ಮೊದಲ ಮೂರು ಸೆಮಿಸ್ಟರುಗಳಲ್ಲಿ ತತ್ತ್ವಶಾಸ್ತ್ರದ ಒಂದು, ಅರ್ಥಶಾಸ್ತ್ರದ ಒಂದು, ಇತಿಹಾಸದ್ದೋ ಸಾಹಿತ್ಯದ್ದೋ ಒಂದು, ಅಂಕಿಅಂಶ ಶಾಸ್ತ್ರದ ಒಂದು ಕೋರ್ಸನ್ನು ತೆಗೆದುಕೊಂಡು ನೋಡಿ. ಇವುಗಳಲ್ಲಿ ಹೆಚ್ಚಿನವು ಪದವಿಯ ಸಾಮಾನ್ಯ ಅಗತ್ಯಗಳಿಗೂ ಒದಗಿ ಬರುತ್ತವೆ.

ನೋಡಬೇಕಾದದ್ದು ಗ್ರೇಡನ್ನು ಮಾತ್ರವಲ್ಲ. ವಾರಕ್ಕೆ ನೂರೈವತ್ತು ಪುಟಗಳ ಓದು ಯಾವ ಕೋರ್ಸಿನಲ್ಲಿ ಹೊರೆಯೆನಿಸಲಿಲ್ಲ? ಯಾವ ಪ್ರಬಂಧವನ್ನು ಯಾರೂ ಹೇಳದೆಯೇ ಎರಡನೆಯ ಸಲ ತಿದ್ದಿ ಬರೆಯಬೇಕೆನಿಸಿತು? ಯಾವ ಅಧ್ಯಾಪಕರು ಹಾಳೆಯ ಅಂಚಿನ ತುಂಬ ಟಿಪ್ಪಣಿ ಬರೆದು ಹಿಂದಿರುಗಿಸಿದರು, ಮತ್ತು ಆ ಟಿಪ್ಪಣಿಗಳನ್ನು ಓದಿ ಬೇಸರವಾಯಿತೋ ಉತ್ಸಾಹ ಬಂತೋ? ಲಾ ಸ್ಕೂಲಿನ ಮೊದಲ ವರ್ಷದಲ್ಲಿ ಕರಾರು, ಆಸ್ತಿ, ಅಪಕೃತ್ಯ, ಸಿವಿಲ್ ಪ್ರಕ್ರಿಯೆ, ಅಪರಾಧ ಕಾನೂನು ಇವುಗಳನ್ನು ಕಲಿಸುವುದು ನ್ಯಾಯಾಲಯಗಳ ತೀರ್ಪುಗಳನ್ನು ಓದಿಸಿ, ತರಗತಿಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವ ಮೂಲಕ. ಹಾರ್ವರ್ಡ್‌ನ ಡೀನ್ ಕ್ರಿಸ್ಟಫರ್ ಲ್ಯಾಂಗ್‌ಡೆಲ್ 1870ರ ದಶಕದಲ್ಲಿ ನೆಲೆಗೊಳಿಸಿದ ಈ ಕ್ರಮ ಇಂದಿಗೂ ಉಳಿದಿದೆ. ತೀರ್ಪಿನ ವಾಕ್ಯಗಳು ಉದ್ದ, ತರ್ಕ ಸೂಕ್ಷ್ಮ, ಪುಟಗಳು ನೂರಾರು. ಓದುವ ಬರೆಯುವ ಕೆಲಸದಲ್ಲಿ ಸುಖ ಕಾಣದ ವಿದ್ಯಾರ್ಥಿಗೆ ಮೂರು ವರ್ಷ ದೀರ್ಘವಾಗುತ್ತವೆ. ಅದು ಕಾಲೇಜಿನ ಎರಡನೆಯ ವರ್ಷದಲ್ಲೇ ಗೊತ್ತಾದರೆ ಸಂಸಾರಕ್ಕೂ ಮಗುವಿಗೂ ಉಪಕಾರವೇ.

ಒಂದೊಂದು ಮೇಜರಿನ ಬಗ್ಗೆ ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ತತ್ತ್ವಶಾಸ್ತ್ರಕ್ಕೆ ನಮ್ಮ ಸಮಾಜದಲ್ಲಿ ಸಿಗಬೇಕಾದ ಗೌರವ ಸಿಕ್ಕಿಲ್ಲ. ಒಂದು ವಾದದ ಆಧಾರವಾಕ್ಯ ಯಾವುದು, ಹೇಳದೆ ಬಿಟ್ಟ ಊಹೆ ಯಾವುದು, ತೀರ್ಮಾನ ಎಲ್ಲಿ ಜಾರಿತು ಎಂದು ಹುಡುಕುವುದನ್ನು ಅದರಷ್ಟು ನೇರವಾಗಿ ಕಲಿಸುವ ವಿಷಯ ಇನ್ನೊಂದಿಲ್ಲ. ಎಲ್‌ಸ್ಯಾಟ್ ಕೇಳುವುದೂ ಇದನ್ನೇ. 2024ರ ಆಗಸ್ಟ್‌ನಿಂದ ಆ ಪರೀಕ್ಷೆಯಲ್ಲಿ ಒಗಟಿನಂಥ ‘ಲಾಜಿಕ್ ಗೇಮ್ಸ್’ ವಿಭಾಗ ಇಲ್ಲ. ಅಂಕ ಸಿಗುವ ಮೂರು ವಿಭಾಗಗಳಲ್ಲಿ ಎರಡು ತಾರ್ಕಿಕ ವಿಮರ್ಶೆಯವು, ಒಂದು ಗದ್ಯಭಾಗಗಳನ್ನು ಓದಿ ಅರ್ಥಮಾಡಿಕೊಳ್ಳುವುದು. ಹಾಗಾಗಿ ಮೇಜರ್ ಯಾವುದೇ ಇರಲಿ, ತರ್ಕಶಾಸ್ತ್ರದ ಒಂದು ಕೋರ್ಸನ್ನು ಎಲ್ಲರೂ ತೆಗೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅರ್ಥಶಾಸ್ತ್ರವು ತೆರಿಗೆ, ಕಂಪನಿ ಕಾನೂನು, ಏಕಸ್ವಾಮ್ಯ ತಡೆ ಕಾನೂನುಗಳಿಗೆ ಬುನಾದಿ ಹಾಕುತ್ತದೆ, ಆದರೆ ಅಲ್ಲಿ ದೀರ್ಘ ಬರವಣಿಗೆ ಕಡಿಮೆ. ಇತಿಹಾಸ ಮತ್ತು ಸಾಹಿತ್ಯ ಅದಕ್ಕೆ ತದ್ವಿರುದ್ಧ: ಬರವಣಿಗೆ ಧಾರಾಳ, ಅಂಕಿಸಂಖ್ಯೆಗಳ ಅಭ್ಯಾಸ ಅಲ್ಪ.

ರಾಜ್ಯಶಾಸ್ತ್ರವು ಲಾ ಸ್ಕೂಲಿಗೆ ಅರ್ಜಿ ಹಾಕುವವರಲ್ಲಿ ಅತಿ ಹೆಚ್ಚು ಮಂದಿ ಓದಿರುವ ಮೇಜರ್. ಸಂವಿಧಾನ, ಸರ್ಕಾರ, ನ್ಯಾಯಾಂಗಗಳ ಪರಿಚಯ ಅಲ್ಲಿ ಸಿಗುತ್ತದೆ. ಆಸಕ್ತಿಯಿದ್ದರೆ ತೆಗೆದುಕೊಳ್ಳಲು ಅಡ್ಡಿಯೇನೂ ಇಲ್ಲ. ಆದರೆ ಅದು ಲಾ ಸ್ಕೂಲಿನ ಬಾಗಿಲಿನ ಬೀಗದ ಕೈ ಎಂದು ತಿಳಿದು ಮಾತ್ರ ತೆಗೆದುಕೊಳ್ಳಬಾರದು. ಲೀಗಲ್ ಸ್ಟಡೀಸ್, ಕ್ರಿಮಿನಲ್ ಜಸ್ಟಿಸ್ ಎಂಬ ಮೇಜರುಗಳ ವಿಷಯದಲ್ಲಿ ಇನ್ನಷ್ಟು ವಿಚಾರಿಸಿ ನೋಡಬೇಕು. ಕೆಲವು ಕಾಲೇಜುಗಳಲ್ಲಿ ಅವು ಸಮಾಜಶಾಸ್ತ್ರ, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಬೆಸೆದ ಗಂಭೀರ ಅಧ್ಯಯನಗಳಾಗಿವೆ. ಇನ್ನು ಕೆಲವೆಡೆ ಪೊಲೀಸ್ ಮತ್ತು ಕಾರಾಗೃಹ ಇಲಾಖೆಯ ಉದ್ಯೋಗಕ್ಕೆ ತಯಾರು ಮಾಡುವ ಕೋರ್ಸುಗಳಾಗಿವೆ. ಎರಡನೆಯ ಬಗೆಯದಾದರೆ ವಕೀಲಿಕೆಗೆ ಬೇಕಾದ ಓದು ಮತ್ತು ಬರಹದ ತರಬೇತಿ ಅದರಲ್ಲಿ ಸಾಕಷ್ಟು ಸಿಗದೆ ಹೋಗಬಹುದು. ಕೋರ್ಸಿನ ಪಠ್ಯಕ್ರಮ ತರಿಸಿಕೊಂಡು, ವರ್ಷಕ್ಕೆ ಎಷ್ಟು ದೀರ್ಘ ಪ್ರಬಂಧಗಳನ್ನು ಬರೆಸುತ್ತಾರೆಂದು ಎಣಿಸಿ ನೋಡಿದರೆ ನಿಜ ಸ್ಥಿತಿ ತಿಳಿಯುತ್ತದೆ.

ಭೌತಶಾಸ್ತ್ರ, ಗಣಿತ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳು ಎಲ್‌ಸ್ಯಾಟ್‌ನಲ್ಲಿ ಸರಾಸರಿಯಾಗಿ ಹೆಚ್ಚು ಅಂಕ ಪಡೆಯುತ್ತಾರೆಂಬ ಪಟ್ಟಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಆ ಅಂಕಿಗಳು ನಿಜ. ಅವುಗಳಿಂದ ತೆಗೆಯುವ ತೀರ್ಮಾನ ತಪ್ಪು. ಇಂಥ ಪರೀಕ್ಷೆಗಳಲ್ಲಿ ಮೊದಲೇ ಚುರುಕಾಗಿದ್ದವರು ಆ ವಿಷಯಗಳ ಕಡೆ ಹೋಗಿರಬಹುದು. ಭೌತಶಾಸ್ತ್ರ ಸೇರಿದ ಮಾತ್ರಕ್ಕೆ ಎಲ್‌ಸ್ಯಾಟ್ ಅಂಕ ಏರುತ್ತದೆಂದು ಭಾವಿಸಿ, ಆಸಕ್ತಿಯಿಲ್ಲದ ಮೇಜರಿನಲ್ಲಿ ಜಿಪಿಎ ಕಳೆದುಕೊಂಡರೆ ಎರಡೂ ಕೈತಪ್ಪುತ್ತವೆ.

ನಾಲ್ಕನೆಯ ಹೆಜ್ಜೆ: ಪೇಟೆಂಟ್ ಕಾನೂನಿನ ಆಸೆ ಇದೆಯೇ ಎಂದು ಈಗಲೇ ಕೇಳಿಕೊಳ್ಳಿ

ಮೇಜರ್ ಯಾವುದಾದರೂ ನಡೆಯುತ್ತದೆ ಎಂಬ ಮಾತಿಗೆ ಒಂದು ನಿಜವಾದ ಅಪವಾದ ಇದೆ. ಅಮೆರಿಕದ ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಚೇರಿಯ ಮುಂದೆ ಸಂಶೋಧಕರ ಪರವಾಗಿ ಪೇಟೆಂಟ್ ಅರ್ಜಿ ನಡೆಸಬೇಕಾದರೆ ಆ ಕಚೇರಿಯದೇ ಪ್ರತ್ಯೇಕ ಪರೀಕ್ಷೆ ಪಾಸು ಮಾಡಬೇಕು, ಮತ್ತು ಆ ಪರೀಕ್ಷೆಗೆ ಕೂರಲು ವಿಜ್ಞಾನ ಇಲ್ಲವೇ ತಂತ್ರಜ್ಞಾನದ ಓದು ಇರಲೇಬೇಕು. ಎಂಜಿನಿಯರಿಂಗ್‌ನ ಹಲವು ಶಾಖೆಗಳು, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಮುಂತಾದ ಪದವಿಗಳು ಅದರ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿಲ್ಲದ ಪದವಿಯವರು ನಿಗದಿತ ಪ್ರಮಾಣದ ವಿಜ್ಞಾನ ಕ್ರೆಡಿಟ್ಟುಗಳನ್ನು ತೋರಿಸಿಯೂ ಅರ್ಹತೆ ಪಡೆಯಬಹುದು. ರಸಾಯನಶಾಸ್ತ್ರದ ಮೂಲಕವಾದರೆ 30 ಸೆಮಿಸ್ಟರ್ ಕ್ರೆಡಿಟ್ ಬೇಕು. ಸಾಮಾನ್ಯವಾದ ಮೈನರ್ ಇಪ್ಪತ್ತರ ಆಸುಪಾಸಿನಲ್ಲಿ ಮುಗಿಯುವುದರಿಂದ, ಮೈನರ್ ಒಂದನ್ನೇ ನಂಬಿಕೊಂಡವರು ಹೊಸ್ತಿಲ ಬಳಿ ನಿಲ್ಲಬೇಕಾದೀತು. 2024ರ ಜನವರಿಯಿಂದ ವಿನ್ಯಾಸದ ಪೇಟೆಂಟುಗಳಿಗೆ ಪ್ರತ್ಯೇಕ ನೋಂದಣಿ ಬಂದಿದೆ; ಅದಕ್ಕೆ ಕೈಗಾರಿಕಾ ವಿನ್ಯಾಸ, ವಾಸ್ತುಶಿಲ್ಪ, ಗ್ರಾಫಿಕ್ ವಿನ್ಯಾಸದಂಥ ಪದವಿಗಳೂ ಸಲ್ಲುತ್ತವೆ.

ಎಂಜಿನಿಯರಿಂಗ್ ಓದಿ ಆಮೇಲೆ ಕಾನೂನಿಗೆ ಹೋಗಲಿ ಎಂಬ ಮನೆಯವರ ಮಾತಿಗೆ ಗಟ್ಟಿಯಾದ ಅರ್ಥ ಬರುವುದು ಇಲ್ಲಿ. ಯಂತ್ರಗಳಲ್ಲಿ, ಔಷಧಗಳಲ್ಲಿ, ಸಾಫ್ಟ್‌ವೇರಿನಲ್ಲಿ ನಿಜವಾದ ಕುತೂಹಲವಿರುವ ಮಗುವಿಗೆ ಈ ದಾರಿಯನ್ನು ತೋರಿಸಲೇಬೇಕು. ಆ ಕುತೂಹಲವಿಲ್ಲದೆ ಭದ್ರತೆಗೆಂದು ಮಾತ್ರ ಎಂಜಿನಿಯರಿಂಗ್ ಸೇರಿದವರು ಹಿಂದೆ ಹೇಳಿದ ಜಿಪಿಎಯ ಲೆಕ್ಕದಲ್ಲಿ ಸಿಕ್ಕಿಕೊಳ್ಳುತ್ತಾರೆ.

ಐದನೆಯ ಹೆಜ್ಜೆ: ಮೇಜರ್ ಬಿಟ್ಟ ಜಾಗವನ್ನು ಮೈನರಿನಿಂದ ತುಂಬಿ

ಪದವಿಗೆ ಬೇಕಾದ ಸುಮಾರು 120 ಕ್ರೆಡಿಟ್ಟುಗಳಲ್ಲಿ ಮೇಜರ್ 30ರಿಂದ 45ರಷ್ಟನ್ನು ತೆಗೆದುಕೊಂಡರೆ ಮೈನರ್ 15ರಿಂದ 20ರಷ್ಟನ್ನು, ಅಂದರೆ ಐದಾರು ಕೋರ್ಸುಗಳನ್ನು ಕೇಳುತ್ತದೆ. ಮೈನರ್ ಇಲ್ಲವೆಂದು ಲಾ ಸ್ಕೂಲು ಯಾರನ್ನೂ ತಿರಸ್ಕರಿಸುವುದಿಲ್ಲ. ಅಷ್ಟಾಗಿಯೂ ಅದನ್ನು ತೆಗೆದುಕೊಳ್ಳಬೇಕೆಂದು ನಾನು ಹೇಳುವುದು, ಚದುರಿಹೋಗುವ ಐಚ್ಛಿಕ ಕೋರ್ಸುಗಳಿಗೆ ಅದು ಒಂದು ದಿಕ್ಕು ಕೊಡುತ್ತದೆಂಬ ಕಾರಣಕ್ಕೆ.

ಆರಿಸುವ ಬಗೆ ಸರಳ. ಮೇಜರ್ ಘೋಷಿಸಿದ ದಿನ ಅದರ ಕೋರ್ಸುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಬಾರ್ ಅಸೋಸಿಯೇಷನ್ ಹೇಳುವ ಸಾಮರ್ಥ್ಯಗಳಲ್ಲಿ ಯಾವುದು ಅಲ್ಲಿ ಸಿಗುತ್ತಿಲ್ಲವೆಂದು ಗುರುತಿಸಿ. ಕಂಪ್ಯೂಟರ್ ಸೈನ್ಸ್ ಓದುವವಳಿಗೆ ದೀರ್ಘ ಬರವಣಿಗೆಯ ಅಭ್ಯಾಸ ಇರುವುದಿಲ್ಲ. ಅವಳಿಗೆ ತತ್ತ್ವಶಾಸ್ತ್ರ ಅಥವಾ ಇಂಗ್ಲಿಷ್ ಮೈನರ್ ಹೊಂದುತ್ತದೆ. ಇತಿಹಾಸ ಓದುವವನು ಅರ್ಥಶಾಸ್ತ್ರವನ್ನೋ ಅಂಕಿಅಂಶ ಶಾಸ್ತ್ರವನ್ನೋ ಜೊತೆಗಿಟ್ಟುಕೊಂಡರೆ ಮುಂದೆ ನ್ಯಾಯಾಲಯದಲ್ಲಿ ತಜ್ಞ ಸಾಕ್ಷಿಯ ಅಂಕಿಗಳನ್ನು ಕಂಡು ಅಂಜುವುದಿಲ್ಲ. ವಾಣಿಜ್ಯ ಕಾನೂನಿನ ಕಡೆ ಹೋಗುವವರಿಗೆ ಲೆಕ್ಕಶಾಸ್ತ್ರದ ಎರಡು ಕೋರ್ಸುಗಳಾದರೂ ಬೇಕು. ಒಂದು ಕಂಪನಿಯ ಆಸ್ತಿ-ಹೊಣೆ ತಖ್ತೆಯನ್ನು ಓದಲು ಬಾರದ ವಕೀಲರು ಮೊದಲ ಕೆಲಸದಲ್ಲಿಯೇ ಪರದಾಡುತ್ತಾರೆ. ವಲಸೆ ಕಾನೂನು, ಕಾರ್ಮಿಕ ಕಾನೂನು, ಕ್ರಿಮಿನಲ್ ರಕ್ಷಣೆ ಇವುಗಳಲ್ಲಿ ಮನಸ್ಸಿರುವವರಿಗೆ ಸ್ಪ್ಯಾನಿಷ್ ಮೈನರಿಗಿಂತ ಹೆಚ್ಚು ಉಪಯೋಗದ್ದು ಇನ್ನೊಂದು ಇರಲಾರದು, ಏಕೆಂದರೆ ಕಕ್ಷಿದಾರ ತನ್ನ ನೋವನ್ನು ತನ್ನ ಮಾತಿನಲ್ಲೇ ಹೇಳಿಕೊಳ್ಳಲು ಅದು ಎಡೆ ಮಾಡಿಕೊಡುತ್ತದೆ.

ರಾಜ್ಯಶಾಸ್ತ್ರದ ಮೇಜರಿಗೆ ಲೀಗಲ್ ಸ್ಟಡೀಸ್ ಮೈನರ್ ಸೇರಿಸಿಕೊಳ್ಳುವ ಜೋಡಿಯನ್ನು ಬಹಳ ಕಡೆ ಕಾಣುತ್ತೇವೆ. ಒಂದೇ ಹೊಲವನ್ನು ಎರಡು ಸಲ ಉತ್ತಂತೆ ಅದು. ಹೊಸದಾಗಿ ಸಿಗುವುದು ಕಡಿಮೆ.

ಎರಡು ಮೇಜರ್ ಮಾಡಬೇಕೆಂಬ ಹಂಬಲದ ಬಗ್ಗೆಯೂ ಒಂದು ಮಾತು. ಎರಡು ವಿಷಯಗಳೂ ಒಂದಕ್ಕೊಂದು ಒದಗಿ ಬಂದು, ನಾಲ್ಕೇ ವರ್ಷಗಳಲ್ಲಿ, ಜಿಪಿಎ ಕುಗ್ಗದೆ ಮುಗಿಯುವುದಾದರೆ ಸಂತೋಷ. ಅದಕ್ಕಾಗಿ ಐದನೆಯ ವರ್ಷ ಕಾಲೇಜಿನಲ್ಲಿ ಉಳಿಯಬೇಕಾದರೆ ಬೇಡ. ಲಾ ಸ್ಕೂಲಿನ ಖರ್ಚು ಮುಂದೆ ಕಾದಿದೆ. 2025ರಲ್ಲಿ ಬಂದ ಹೊಸ ಕಾಯಿದೆಯಂತೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ, ಪದವಿಯ ನಂತರದ ಓದಿಗೆ ಒಕ್ಕೂಟ ಸರ್ಕಾರ ಕೊಡುವ ಗ್ರ್ಯಾಡ್ ಪ್ಲಸ್ ಸಾಲದ ಬಾಗಿಲು ಮುಚ್ಚುತ್ತದೆ. ಕಾನೂನು ವಿದ್ಯಾರ್ಥಿಗಳಿಗೆ ಒಕ್ಕೂಟ ಸರ್ಕಾರದಿಂದ ಸಿಗುವ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮೀರುವಂತಿಲ್ಲ. ಪದವಿಯ ಹಂತದಲ್ಲಿ ಉಳಿಸಿದ ಒಂದು ವರ್ಷದ ಶುಲ್ಕಕ್ಕೆ ಈಗ ಹಿಂದೆಂದಿಗಿಂತ ಹೆಚ್ಚು ಬೆಲೆ.

ಆರನೆಯ ಹೆಜ್ಜೆ: ವೀಸಾದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಇದು ಅಮೆರಿಕದ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದ ಮಕ್ಕಳಿಗೆ. ತಂದೆಯ ಅಥವಾ ತಾಯಿಯ ಎಚ್-1ಬಿ ವೀಸಾದ ಆಧಾರದ ಮೇಲೆ ಎಚ್-4ರಲ್ಲಿರುವ ಮಕ್ಕಳು 21 ತುಂಬಿದೊಡನೆ ಆ ಆಶ್ರಯ ಕಳೆದುಕೊಳ್ಳುತ್ತಾರೆ. ಓದು ಮುಂದುವರಿಸಲು ಸಾಮಾನ್ಯವಾಗಿ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗುತ್ತದೆ. ಎಫ್-1ರಲ್ಲಿ ಪದವಿ ಮುಗಿಸಿದವರಿಗೆ ಓದಿಗೆ ಸಂಬಂಧಿಸಿದ ಕೆಲಸ ಮಾಡಲು 12 ತಿಂಗಳ ಒಪಿಟಿ ಅನುಮತಿ ಸಿಗುತ್ತದೆ. ಮೇಜರ್ ವಿಜ್ಞಾನ, ತಂತ್ರಜ್ಞಾನ, ಗಣಿತದ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ವಿಸ್ತರಿಸಬಹುದು. ಪದವಿ ಮತ್ತು ಲಾ ಸ್ಕೂಲಿನ ನಡುವೆ ಎರಡು ಮೂರು ವರ್ಷ ದುಡಿದು ಹಣ ಕೂಡಿಡುವ ಯೋಚನೆಯಿದ್ದರೆ ಇದು ಮೇಜರಿನ ಆಯ್ಕೆಯ ಮೇಲೆ ನೇರವಾಗಿ ಪರಿಣಾಮ ಬೀರುತ್ತದೆ. ಕೆಲವು ಕಾಲೇಜುಗಳು ತಮ್ಮ ಅರ್ಥಶಾಸ್ತ್ರ ಪದವಿಯನ್ನೂ ಆ ಪಟ್ಟಿಗೆ ಸೇರುವಂತೆ ವರ್ಗೀಕರಿಸಿವೆ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಮೇಲೆ ಹೇಳಿದ ಸರ್ಕಾರಿ ಸಾಲ ಈ ವೀಸಾಗಳಲ್ಲಿರುವವರಿಗೆ ಸಿಗುವುದಿಲ್ಲ.

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಬಿಎ, ಬಿಕಾಂ, ಬಿಇ ಮುಗಿಸಿ ಅಮೆರಿಕದ ಜೆಡಿಗೆ ಅರ್ಜಿ ಹಾಕುವವರ ಸ್ಥಿತಿ ಬೇರೆ. ಭಾರತದ ಅಂಕಪಟ್ಟಿಯನ್ನು ಎಲ್‌ಸ್ಯಾಕ್ 4.00ರ ಅಳತೆಗೆ ಇಳಿಸಿ ಸಂಖ್ಯೆಯೊಂದನ್ನು ಕೊಡುವುದಿಲ್ಲ. ಮೌಲ್ಯಮಾಪನ ಮಾಡಿ, ಸರಾಸರಿ, ಸರಾಸರಿಗಿಂತ ಮೇಲು ಎಂಬಂಥ ಒಂದು ದರ್ಜೆಯನ್ನಷ್ಟೇ ತಿಳಿಸುತ್ತದೆ. ಅವರ ಅರ್ಜಿಯಲ್ಲಿ ಎಲ್‌ಸ್ಯಾಟ್ ಅಂಕದ ತೂಕ ಹಾಗಾಗಿ ಹೆಚ್ಚಾಗುತ್ತದೆ. ಭಾರತದಲ್ಲಿ ಕಾನೂನು ಪದವಿಯನ್ನೇ ಪಡೆದವರು ಸಾಮಾನ್ಯವಾಗಿ ಹೋಗುವುದು ಒಂದು ವರ್ಷದ ಎಲ್‌ಎಲ್‌ಎಂಗೆ, ಅವರಿಗೆ ಈ ಲೇಖನದ ಸಮಸ್ಯೆಯೇ ಇಲ್ಲ.

ಏಳನೆಯ ಹೆಜ್ಜೆ: ಕೋರ್ಸುಗಳನ್ನು ವರ್ಷಗಳ ಮೇಲೆ ಹರಡಿ

ವಿಷಯ ಆರಿಸಿದ್ದಾಯಿತು; ಯಾವುದನ್ನು ಯಾವಾಗ ಓದಬೇಕೆಂಬುದು ಉಳಿದಿದೆ. ಕಾಲೇಜು ಮುಗಿದ ವರ್ಷವೇ ಲಾ ಸ್ಕೂಲಿಗೆ ಸೇರಬೇಕೆನ್ನುವವರು ನಾಲ್ಕನೆಯ ವರ್ಷದ ಆರಂಭದಲ್ಲಿ, ಸೆಪ್ಟೆಂಬರಿನಿಂದ ನವೆಂಬರಿನ ಒಳಗೆ ಅರ್ಜಿ ಹಾಕಬೇಕು; ಅರ್ಜಿಗಳನ್ನು ಬಂದಂತೆ ಬಂದಂತೆ ಪರಿಶೀಲಿಸುವುದರಿಂದ ತಡವಾದಷ್ಟೂ ಸೀಟುಗಳೂ ವಿದ್ಯಾರ್ಥಿವೇತನಗಳೂ ಕರಗುತ್ತವೆ. ಅಂದರೆ ಆ ಅರ್ಜಿಯಲ್ಲಿ ಕಾಣುವುದು ಮೂರು ವರ್ಷಗಳ ಗ್ರೇಡುಗಳು ಮಾತ್ರ. ಮೊದಲ ವರ್ಷದಲ್ಲಿ ಎಡವಿ ಆಮೇಲೆ ಚೇತರಿಸಿಕೊಂಡ ವಿದ್ಯಾರ್ಥಿಗೆ ನಾಲ್ಕನೆಯ ವರ್ಷದ ಒಳ್ಳೆಯ ಅಂಕಗಳೂ ಲೆಕ್ಕಕ್ಕೆ ಸಿಗಬೇಕೆಂದರೆ, ಪದವಿ ಮುಗಿಸಿ ಒಂದು ವರ್ಷ ತಡೆದು ಅರ್ಜಿ ಹಾಕುವುದು ಸೂಕ್ತ. ಒಂದು ವರ್ಷ ಹಾಳಾಯಿತೆಂದು ನಮ್ಮವರು ಹಲುಬುವುದುಂಟು. ಅಮೆರಿಕದ ಲಾ ಸ್ಕೂಲಿಗೆ ಸೇರುವವರಲ್ಲಿ ಬಹಳ ಮಂದಿ ಒಂದೆರಡು ವರ್ಷ ಕೆಲಸ ಮಾಡಿಯೇ ಬರುತ್ತಾರೆ, ಅದರಲ್ಲಿ ಕೊರತೆ ಏನೂ ಇಲ್ಲ.

ಎರಡನೆಯ ವರ್ಷದಲ್ಲಿ ಕನಿಷ್ಠ ಒಂದು, ಮೂರನೆಯ ವರ್ಷದಲ್ಲಿ ಎರಡು ಸಣ್ಣ ಸೆಮಿನಾರುಗಳನ್ನು ಇಟ್ಟುಕೊಳ್ಳಿ. ಶಿಫಾರಸು ಪತ್ರಗಳು ಸಾಮಾನ್ಯವಾಗಿ ಎರಡು ಬೇಕಾಗುತ್ತವೆ, ಮತ್ತು ಮುನ್ನೂರು ಜನರ ಉಪನ್ಯಾಸದಲ್ಲಿ ಕೂತ ವಿದ್ಯಾರ್ಥಿಯ ಬರವಣಿಗೆಯ ಬಗ್ಗೆ ಪ್ರಾಧ್ಯಾಪಕರು ಏನನ್ನೂ ಹೇಳಲಾರರು. ಹದಿನೈದು ಜನರ ಸೆಮಿನಾರಿನಲ್ಲಿ ವಾದಿಸಿ, ಇಪ್ಪತ್ತು ಪುಟದ ಪ್ರಬಂಧ ಬರೆದು, ಅದರ ಮೇಲೆ ಚರ್ಚಿಸಲು ಅವರ ಕೊಠಡಿಗೆ ಹೋಗಿ ಬಂದವರ ಬಗ್ಗೆ ಹೇಳಬಲ್ಲರು. ಗುರುಗಳ ಮುಂದೆ ಹೆಚ್ಚು ಮಾತನಾಡಬಾರದೆಂದು ಬೆಳೆದ ನಮ್ಮ ಮಕ್ಕಳಿಗೆ ಇದು ಮೊದಲಿಗೆ ಕಷ್ಟವೆನಿಸುತ್ತದೆ. ಅಲ್ಲಿನ ಪದ್ಧತಿಯಲ್ಲಿ ಪ್ರಶ್ನೆ ಕೇಳುವುದು ಅವಿನಯವಲ್ಲವೆಂದು ತಂದೆತಾಯಿಯೇ ಬಾಯಿಬಿಟ್ಟು ಹೇಳಬೇಕು.

ಎಲ್‌ಸ್ಯಾಟ್ ಅನ್ನು ಮೂರನೆಯ ವರ್ಷದ ಕೊನೆಗೆ, ಬೇಸಿಗೆಯ ಬಿಡುವಿನಲ್ಲಿ ಬರೆಯುವಂತೆ ಯೋಜಿಸಿದರೆ ಅತಿ ಕಠಿಣ ಕೋರ್ಸುಗಳ ಜೊತೆ ಅದು ಡಿಕ್ಕಿ ಹೊಡೆಯುವುದಿಲ್ಲ. 120ರಿಂದ 180ರವರೆಗಿನ ಆ ಪರೀಕ್ಷೆಯನ್ನು ಒಟ್ಟು ಏಳು ಸಲ ಬರೆಯಲು ಅವಕಾಶವಿದ್ದರೂ, ತಯಾರಿಯಿಲ್ಲದೆ ಸುಮ್ಮನೆ ಒಮ್ಮೆ ಬರೆದು ನೋಡುವ ಪ್ರಯೋಗ ಬೇಡ. ಪದವಿಯ ಸಂಶೋಧನಾ ಪ್ರಬಂಧ ಬರೆಯುವ ಆಸೆಯಿದ್ದವರು ಅದರ ಮಾರ್ಗದರ್ಶಕರನ್ನು ಮೂರನೆಯ ವರ್ಷದ ವಸಂತದಲ್ಲೇ ಗೊತ್ತು ಮಾಡಿಕೊಳ್ಳಲಿ. ಶಿಫಾರಸು ಪತ್ರ ಬರೆಯುವವರೂ ಅವರೇ ಆಗುವ ಸಂಭವ ಹೆಚ್ಚು.

ಅದೇ ವಸಂತದಲ್ಲಿ ಇನ್ನೊಂದು ಕೆಲಸವನ್ನೂ ಮುಗಿಸಿಡಿ. ಬೇಸಿಗೆಯಲ್ಲಿ ಒಂದೇ ಒಂದು ಕೋರ್ಸು ಓದಿದ ಕಮ್ಯುನಿಟಿ ಕಾಲೇಜೂ ಸೇರಿದಂತೆ, ಹೈಸ್ಕೂಲಿನ ದಿನಗಳಿಂದ ಇಲ್ಲಿಯವರೆಗೆ ಹೆಸರು ನೋಂದಾಯಿಸಿದ ಎಲ್ಲ ಕಾಲೇಜುಗಳ ಟ್ರಾನ್ಸ್‌ಕ್ರಿಪ್ಟನ್ನು ತರಿಸಿ, ಪ್ರತಿ ಕೋರ್ಸಿನ ಕ್ರೆಡಿಟ್ಟನ್ನೂ ಗ್ರೇಡನ್ನೂ ಎಲ್‌ಸ್ಯಾಕಿನ ಅಳತೆಗೋಲಿನಂತೆ ಕೂಡಿ, ಬರುವ ಸಂಖ್ಯೆಯನ್ನು ಮೊದಲ ವರ್ಷ ಹಾಳೆಯ ಮೇಲೆ ಬರೆದಿಟ್ಟ ಆ ನಡುಮಟ್ಟದ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ಯಾವ ಲಾ ಸ್ಕೂಲುಗಳಿಗೆ ಅರ್ಜಿ ಹಾಕಬೇಕು, ಈ ವರ್ಷವೇ ಹಾಕಬೇಕೋ ಮುಂದಿನ ವರ್ಷವೋ ಎಂಬುದನ್ನು ಆ ಹಾಳೆಯನ್ನು ಮುಂದಿಟ್ಟುಕೊಂಡು ಪ್ರಿ-ಲಾ ಅಡ್ವೈಸರ್ ಜೊತೆ ಕೂತು ತೀರ್ಮಾನಿಸಬಹುದು.